ಮೂವತ್ತೊಂದನೆಯ ಸಾಲಿನ ನಲವತ್ತೆರಡು ಹೆಜ್ಜೆ

ನೀಲಿ ಏನೋ ಒಂದು, ಸಾಲಿನ ಒಳಗೆ, ಅಷ್ಟು ದೂರದಿಂದಲೂ ಕಣ್ಣಿಗೆ ತಾಗುವಷ್ಟು ನೀಲಿ — ಕಳೆ ಔಷಧಿ ಕ್ಯಾನಿನ ಮುಚ್ಚಳವೇ ಇರಬೇಕು, ಸೈಕಲ್‌ನ ಕೆಲಸ, ಜೊತೆಯವರಲ್ಲಿ ಮುಚ್ಚಳ ಬಿಚ್ಚಿದ ಜಾಗದಲ್ಲೇ ಬಿಟ್ಟು ಹೋಗುವವನು ಆ ಅಡ್ಡಹೆಸರಿನವನೊಬ್ಬನೇ, ಹೆಕ್ಕಿ ಜೇಬಿಗೆ ಹಾಕಿಕೊಂಡರಾಯಿತು, ಅಂದುಕೊಳ್ಳುತ್ತ ಅವಳು ಮೂವತ್ತೊಂದನೆಯ ಸಾಲಿನ ತಲೆಗೆ ಬಂದು ನಿಂತಳು, ನಿಂತವಳು ನಿಂತೇ ಬಿಟ್ಟಳು, ಏಕೆಂದರೆ ಎಡಕ್ಕೆ ಮೂವತ್ತನೆಯ ಸಾಲು ಬೋಳು, ಬಲಕ್ಕೆ ಮೂವತ್ತೆರಡು ಬೋಳು, ಎಳೆ ಕಿತ್ತಳೆ ಸಸಿಗಳ ಬುಡದಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ, ನಡುವೆ ಇದು, ಎರಡು ಮೊಳ ಅಗಲ, ನಲವತ್ತೆರಡು ಹೆಜ್ಜೆ ಉದ್ದ, ಹಳದಿ, ಬಿಳಿ, ತಿಳಿಗುಲಾಬಿ, ಯಾರೋ ದುಪ್ಪಟಿ ಒಣಗಲು ಹಾಸಿ ಮರೆತು ಹೋದ ಹಾಗೆ. ನಲವತ್ತೆರಡು ಎಂದು ಎಣಿಸಿದವನು ಮೇಸ್ತ್ರಿ. ಬೆಳಿಗ್ಗೆ ಪಂಪಿನ ಕೋಣೆಯ ಬಾಗಿಲಲ್ಲೇ ಅವಳನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ನಾನೇ ಅಳೆದೆ ಕಣಮ್ಮ, ನಲವತ್ತೆರಡು, ಒಂಬತ್ತು ವರ್ಷದಲ್ಲಿ ನಿನ್ನ ಸಾಲಲ್ಲಿ ನಾಲ್ಕು ಬೆರಳು ಜಾಗ ತಪ್ಪಿದ್ದಿಲ್ಲ, ಇದೇನು ಇದು, ನಡೀತಾ ನಡೀತಾ ನಿದ್ದೆ ಹೋದ್ಯಾ? ಹತ್ತು ಗಂಟೆಗೆ ಮ್ಯಾನೇಜರ್ ಬರ್ತಾರೆ, ಸಾಲು ನೋಡ್ತಾರೆ, ನಾನು ಬಿಟ್ಟ ಮೇಲೆ ಸೀಟಿ ನಿನಗೋ ಸೈಕಲ್‌ಗೋ ಅಂತ ಇವತ್ತೇ ಹೇಳ್ತಾರೆ, ಔಷಧಿ ಹೊಡೆದು ಕೂತರೆ ಅದು ಒಣಗೋಕೆ ವಾರ ಬೇಕು, ಕೈಯಲ್ಲೇ ಕಿತ್ತುಬಿಡು, ಒಂದು ಕಡ್ಡಿ ಕಾಣಬಾರದು. ಹೂಂ ಅಂದಳು. ಮತ್ತೇನು ಅನ್ನಲಿ? ಬೆನ್ನಿಗೆ ಪಂಪು ಹೊತ್ತು, ಎಡಗೈಯಲ್ಲಿ ಹಿಡಿಕೆ ಮೇಲೆ ಕೆಳಗೆ ಆಡಿಸುತ್ತ, ಬಲಗೈಯ ನಾಲ್ಕು ಬೆರಳಲ್ಲಿ ಕೊಳವೆಯ ಗುಂಡಿ ಒತ್ತಿ ಹಿಡಿದು ನಡೆಯುವ ಕೆಲಸ ಇದು, ಬೆರಳು ಸಡಿಲವಾದರೆ ಔಷಧಿ ನಿಂತಿತು, ಅಷ್ಟೇ, ಆ ದಿನ ಯಾರಿಗೂ ಗೊತ್ತಾಗುವುದಿಲ್ಲ, ನೆಲ ಸುಮ್ಮನಿರುತ್ತದೆ, ಐದು ವಾರ ಕಳೆದ ಮೇಲೆ ನೆಲವೇ ಬಾಯಿಬಿಟ್ಟು ಹೇಳುತ್ತದೆ, ಇಲ್ಲಿಂದ ಇಲ್ಲಿವರೆಗೆ ಇವಳ ಬೆರಳು ಬಿಟ್ಟಿತ್ತು, ಇಲ್ಲಿಂದ ಇಲ್ಲಿವರೆಗೆ ಇವಳು ಇಲ್ಲಿರಲಿಲ್ಲ.

ಸೈಕಲ್ ಆಗಲೇ ಶುರು ಮಾಡಿದ್ದ, ಮೇಸ್ತ್ರಿ ದನಿ ತಗ್ಗಿಸಿದ್ದೆಲ್ಲ ದಂಡ, ಪಂಪು ತುಂಬಿಸುತ್ತಲೇ ಎಲ್ಲರಿಗೂ ಕೇಳುವ ಹಾಗೆ, ಏನಕ್ಕಾ, ಹೂದೋಟ ಹಾಕಿದ್ದೀಯಂತೆ, ನನಗೂ ಒಂದು ಗುಚ್ಛ ಕಟ್ಟಿಕೊಡು, ನನ್ನ ಹೆಂಡತಿ ಮಾತು ಬಿಟ್ಟು ಮೂರು ದಿನ ಆಯ್ತು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಮೂರೇ ದಿನಾನಾ, ಪುಣ್ಯವಂತೆ ಇನ್ನೂ ಸ್ವಲ್ಪ ಸುಖ ಪಡಲಿ ಬಿಡು, ಅಂದಳು, ಕೆಟ್ಟವನಲ್ಲ ಸೈಕಲ್, ಬಾಯಿ ದೊಡ್ಡದು ಅಷ್ಟೆ, ಆದರೆ ಸೀಟಿ ಅವನ ಕೊರಳಿಗೆ ಹೋದರೆ ಅವಳ ಸಂಜೆ ಹೋಯಿತು. ಸೀಟಿ ಅಂದರೆ ಮೇಸ್ತ್ರಿಗಿರಿ, ಮೇಸ್ತ್ರಿಗಿರಿ ಅಂದರೆ ಬೆನ್ನಿಗೆ ಪಂಪು ಇಲ್ಲ, ಪಂಪು ತೊಳೆಯುವ ಕೆಲಸ ಇಲ್ಲ, ನಾಲ್ಕು ಗಂಟೆಗೆ ಮನೆಗೆ, ನಾಲ್ಕೂವರೆಗೆ, ಜ್ವರ ಬಲ ತಿಂದ ಮಗಳ ಎಡಪಾದ ಅವಳ ಅಂಗೈಯಲ್ಲಿ — ಹಿಮ್ಮಡಿ ಎತ್ತು, ಇಳಿಸು, ಎತ್ತು, ಇಳಿಸು, ಇಪ್ಪತ್ತು ಸಲ, ಮತ್ತೆ ಇಪ್ಪತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಎಷ್ಟು ಮೆತ್ತಗೆ ಹೇಳಿದ್ದಳು, ಅಮ್ಮಾ, ಸ್ನಾಯುಗೆ ಮರೆವು ಜಾಸ್ತಿ, ದಿನಾ ನೆನಪು ಮಾಡ್ತಾ ಇರಬೇಕು, ಈ ಆರು ತಿಂಗಳು ಬಿಟ್ಟರೆ ಆಮೇಲೆ ಕಷ್ಟ. ಈಗ ಅವಳು ಮನೆ ಮುಟ್ಟುವಾಗ ಏಳು ದಾಟಿರುತ್ತದೆ, ಮಗಳು ಚೋಟು ತಟ್ಟೆಯ ಮುಂದೆಯೇ ತೂಕಡಿಸುತ್ತಿರುತ್ತಾಳೆ, ಪಾದ ಹಿಡಿದರೆ ನಾಳೆ ಅಮ್ಮಾ, ನಾಳೆ ಎರಡು ಸಲ ಮಾಡ್ತೀನಿ ಅಮ್ಮಾ, ಲಾರಿ ಓಡಿಸುವ ಅವಳಪ್ಪ ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುವವನು, ಇನ್ಯಾರು ಹಿಡಿಯಬೇಕು ಆ ಪಾದವನ್ನು? ಕೀಳು, ಕೀಳು, ಗಂಟೆ ಎಂಟೂವರೆ ಆಯಿತು.

ಮಂಡಿಯೂರಿ ಕೂತಳು, ಕಳೆ ಕೀಳುವ ಕುರ್ಚಿಗೆಯ ಮೂತಿ ಮಣ್ಣಿಗೆ ಹಾಕಿದಳು, ಮೊದಲನೆಯದು ಗೋಣಿಸೊಪ್ಪು, ಕೆಂಪು ಕಾಂಡ, ದಪ್ಪ ದಪ್ಪ ಎಲೆ, ಇದು ಅವಳಿಗೆ ಗೊತ್ತಿಲ್ಲ ಅನ್ನುವಂತಿಲ್ಲ, ಪಂಪಿನ ಕೋಣೆಯ ಗೋಡೆಗೆ ಅಂಟಿಸಿದ ಚಾರ್ಟಿನಲ್ಲಿ ಮೂರನೆಯ ಚಿತ್ರ, ಇಪ್ಪತ್ತು ಕಳೆಗಳು, ಇಪ್ಪತ್ತೂ ಎರಡೆರಡು ಎಲೆಯ ಕೂಸುಗಳು, ಏಕೆಂದರೆ ಔಷಧಿ ಹೊಡೆಯಬೇಕಾದ್ದೇ ಆಗ, ಎರಡೆಲೆ ದಾಟಿದರೆ ಕೈಮೀರಿತು ಅಂತ ಲೆಕ್ಕ. ಆ ಎರಡೆಲೆಗಳನ್ನು ಅವಳು ಕತ್ತಲಲ್ಲಿ ಬೆರಳಿಂದ ಮುಟ್ಟಿ ಹೇಳಬಲ್ಲಳು, ಇದು ಉರುಟು, ಇದು ಸೌಟಿನ ಹಾಗೆ, ಇದರ ಬೆನ್ನಿಗೆ ರೋಮ, ಆದರೆ ಎರಡೆಲೆಯ ಆಚೆ ಇವು ಏನಾಗುತ್ತವೆ ಅನ್ನುವುದನ್ನು ಚಾರ್ಟಿನವರು ಬರೆದಿರಲಿಲ್ಲ, ಬರೆಯುವ ಅಗತ್ಯವೇ ಬೀಳಲಿಲ್ಲ, ಒಂಬತ್ತು ವರ್ಷ ಅವಳೇ ಬೀಳಗೊಡಲಿಲ್ಲ. ಗೋಣಿಸೊಪ್ಪಿನ ತುದಿಯಲ್ಲಿ ಹಳದಿ ಹೂವು, ಮಗುವಿನ ಅಂಗಿಯ ಗುಂಡಿಯಷ್ಟು, ಬಿಸಿಲು ಈಗಷ್ಟೇ ಬಿತ್ತು, ಈಗಷ್ಟೇ ಅರಳುತ್ತಿದೆ, ಅವಳ ಕಣ್ಣೆದುರೇ ಎಸಳು ಬಿಡಿಸಿಕೊಳ್ಳುತ್ತಿದೆ, ಎಷ್ಟು ಅಚ್ಚುಕಟ್ಟು, ಒಳಗೆ ಒಂದು ಚಿಟಿಕೆ ಪುಡಿ — ತೊಟ್ಟಿಲಲ್ಲಿ ಮಾತ್ರ ಕಂಡ ಮಗು ಬೆಳೆದು ದೊಡ್ಡವಳಾಗಿ ಬಸ್ ಸ್ಟಾಪಿನಲ್ಲಿ ಎದುರಾದ ಹಾಗೆ, ಅರೇ, ನೀನಾ? ಮೂರನೇ ಚಿತ್ರದವಳು ನೀನಾ? ಇಷ್ಟು ಚಂದ ಆಗ್ತೀಯಾ ನೀನು? ಕಿತ್ತಳು. ಬೇರು ಸುಲಭವಾಗಿ ಬಂತು, ಅದಕ್ಕೇ ಇನ್ನೂ ಬೇಸರವಾಯಿತು.

ಎರಡನೆಯ ಹೆಜ್ಜೆ, ಮೂರನೆಯ ಹೆಜ್ಜೆ. ಐದು ವಾರದ ಹಿಂದೆ ಫೋನು ಬಂದದ್ದು ಮೊದಲನೆಯ ಹೆಜ್ಜೆಯಲ್ಲೇ. ಮೇಲಂಗಿಯ ಎಡಜೇಬಿನಲ್ಲಿ ಗುರ್ ಅಂದಿತು, ಅದು ಗುರ್ ಅಂದಕೂಡಲೇ ಬಲಗೈಯ ಬೆರಳು ತಾನೇ ಬಿಟ್ಟಿತು, ಏಕೆಂದರೆ ನಾಲ್ಕು ದಿನದಿಂದ ಆ ಫೋನು ಸುಮ್ಮನಿರುವುದೇ ಒಳ್ಳೆಯ ಸುದ್ದಿಯಾಗಿತ್ತು. ಆರು ದಿನ ಚೋಟು ಕಣ್ಣು ಬಿಟ್ಟಿರಲಿಲ್ಲ, ಜ್ವರ ಮೆದುಳಿಗೇರಿದೆ ಅಂದಿದ್ದರು, ಮೂಗಿಗೆ ನಳಿಕೆ, ಕೈಗೆ ಸೂಜಿ, ಎರಡು ದಿನ ಮಂಚದ ಬುಡದಲ್ಲಿ ಕೂತವಳನ್ನು ಅಕ್ಕನೇ ಎಬ್ಬಿಸಿ ಕಳಿಸಿದ್ದಳು, ಹೋಗು ಕೆಲಸಕ್ಕೆ, ನೀನಿಲ್ಲಿ ಕೂತು ಗೋಡೆ ನೋಡಿದರೆ ಮಗು ಏಳುತ್ತಾ, ನಾನಿಲ್ವಾ, ಏನಾದರೂ ಇದ್ದರೆ ಫೋನ್ ಮಾಡ್ತೀನಿ. ಏನಾದರೂ ಇದ್ದರೆ. ಗುರ್. ಕಿವಿಗಿಟ್ಟುಕೊಂಡಳು, ಅಕ್ಕಾ? ಅಕ್ಕ ಅಳುತ್ತಿದ್ದಳು. ಅಷ್ಟೇ, ಮಾತಿಲ್ಲ, ಬರೀ ಅಳು, ಉಸಿರು ಎಳೆದು ಎಳೆದು. ನಿಲ್ಲಬೇಕಿತ್ತಲ್ಲವೇ, ಯಾರಾದರೂ ನಿಲ್ಲುತ್ತಿದ್ದರು, ಕುಸಿದು ಕೂರುತ್ತಿದ್ದರು, ಅವಳ ಕಾಲು ಮಾತ್ರ ನಡೆಯುತ್ತಲೇ ಇತ್ತು, ಒಂಬತ್ತು ವರ್ಷ ಸಾಲಿನಲ್ಲಿ ನಡೆದ ಕಾಲು, ತಲೆಯನ್ನು ಕೇಳದೆ ನಡೆಯುವ ಕಾಲು, ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಕೊಳವೆ ಸುಮ್ಮನೆ ತೂಗಾಡುತ್ತ, ನಾಲ್ಕು, ಐದು, ಆರು, ಇಲ್ಲಿ, ಇದೇ ಮಣ್ಣಿನ ಮೇಲೆ, ಅಕ್ಕಾ ಏನಾಯ್ತು ಹೇಳೇ, ಅಕ್ಕಾ, ಹೇಳೇ — ಇಲ್ಲಿ ಹುಳಿಸೊಪ್ಪು ಬೆಳೆದಿದೆ, ಮೂರು ಮೂರು ಎಲೆ, ಒಂದೊಂದೂ ನಡುವೆ ಮಡಿಚಿಟ್ಟ ಕಾಗದದ ಹಾಗೆ, ಕೈ ತಾಗಿದ್ದೇ ತಡ ಕಾಯಿ ಸಿಡಿದು ಬೀಜ ಅವಳ ಮಣಿಕಟ್ಟಿಗೆ ಚಟಪಟ ಬಡಿಯಿತು, ಅಯ್ಯೋ ಕಳ್ಳಿ, ಕೀಳುವವಳ ಕೈಗೇ ಬೀಜ ಕಟ್ಟಿ ಕಳಿಸ್ತೀಯಲ್ಲ, ಜಾಣೆ ನೀನು. ಭಯದಲ್ಲಿ ದಾಟಿದ ಜಾಗದಲ್ಲಿ ಇಷ್ಟು ಹಳದಿ ಹೇಗೆ ಬಂತು? ನೆಲಕ್ಕೆ ತಿಳಿಯಲಿಲ್ಲವೇ ಅವಳು ಯಾವ ಸ್ಥಿತಿಯಲ್ಲಿ ದಾಟಿದಳೆಂದು? ಅದು ತನಗೆ ವಿಷ ಬೀಳಲಿಲ್ಲ ಅನ್ನುವುದಷ್ಟನ್ನೇ ನೋಡಿಕೊಂಡಿತು, ಸರಿ, ಹಾಗಾದರೆ ಏಳೋಣ ಅಂತ ಎದ್ದಿತು.

ಹನ್ನೊಂದು, ಹನ್ನೆರಡು. ಗುಡ್ಡೆ ಬೆಳೆಯುತ್ತಿದೆ ಬೆನ್ನ ಹಿಂದೆ, ಬೆವರು ಹುಬ್ಬಿನಿಂದ ಮೂಗಿಗಿಳಿಯುತ್ತಿದೆ, ಬೇಗ, ಬೇಗ, ಆದರೆ ಕೈಗೆ ಇವತ್ತು ಕಣ್ಣು ಬಂದುಬಿಟ್ಟಿದೆ, ಏನು ಮಾಡಲಿ, ಕಿತ್ತಳೆ ಸಸಿಯನ್ನು ಸುತ್ತಿಕೊಂಡು ಮೇಲೇರಿದ ಬಳ್ಳಿಯನ್ನು ಬಿಡಿಸಹೋದರೆ ಅದರ ಮೊಗ್ಗು ಮಡಚಿಟ್ಟ ಕೊಡೆ, ಅರಳಿದ್ದು ಬಿಚ್ಚಿದ ಕೊಡೆ, ಅಂಚಿಗೆ ತಿಳಿಗುಲಾಬಿ, ಗಂಟಲಲ್ಲಿ ಕೆನೆ, ಮೂಸಿದಳು, ಯಾರೂ ನೋಡುತ್ತಿಲ್ಲವೆಂದು ಆಚೀಚೆ ನೋಡಿ ಮೂಸಿದಳು, ಬಾದಾಮಿಯ ಹಾಗೇನೋ ಒಂದು ವಾಸನೆ, ಇಷ್ಟು ವರ್ಷ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಡೆದವಳಿಗೆ ಈ ಹೊಲಕ್ಕೆ ಔಷಧಿಯ ವಾಸನೆ ಒಂದೇ ಅನ್ನಿಸಿತ್ತು. ನೆಗ್ಗಿಲು ಇದೆ ನೆಲಕ್ಕಂಟಿ, ಸೈಕಲ್‌ನ ಶತ್ರು, ವಾರಕ್ಕೊಮ್ಮೆ ಅವನ ಗಾಲಿಗೆ ಮುಳ್ಳು ಹೊಗಿಸಿ ಅವನನ್ನು ನಡೆಸುವ ನೆಗ್ಗಿಲು, ಅವನು ಅದಕ್ಕೆ ಬೈದಷ್ಟು ಹೆಂಡತಿಗೂ ಬೈದಿರಲಿಕ್ಕಿಲ್ಲ, ಆದರೆ ಹೂವು ನೋಡಿದ್ದಾನಾ ಅವನು, ಐದೆಸಳು, ನಿಂಬೆಹಳದಿ, ಅಷ್ಟು ಮುಳ್ಳಿನ ಕಾಯಿ ಹಡೆಯುವ ತಾಯಿ ಇಷ್ಟು ಮೆತ್ತಗೆ ಇರುತ್ತಾಳೆ ಅಂತ ಯಾರಾದರೂ ಹೇಳಿದ್ದರೆ ನಂಬುತ್ತಿದ್ದನಾ? ಬಿಳಿ ಎಸಳಿನ, ನಡುವೆ ಹಳದಿ ಬೊಟ್ಟಿನ ಇನ್ನೊಂದಿದೆ, ಒಂದೊಂದು ಎಸಳಿನ ತುದಿಯಲ್ಲೂ ಮೂರು ಹಲ್ಲು, ಇಲಿ ಕಡಿದ ಹಾಗೆ, ಎಲ್ಲ ಎಸಳಿಗೂ ಲೆಕ್ಕ ಹಾಕಿ ಮೂರೇ, ಯಾರು ಕೂತು ಕತ್ತರಿಸಿದರು ಇದನ್ನೆಲ್ಲ, ಯಾವ ಬಿಡುವಿನಲ್ಲಿ? ಕತ್ತಿನವರೆಗೆ ಕೆಲಸ ಇರುವವರು ಮಾಡುವ ಕೆಲಸ ಅಲ್ಲ ಇದು. ಅಂಗಡಿಯಲ್ಲಿ ಕುಂಡದಲ್ಲಿಟ್ಟು ಮಾರುವ ಹೂವನ್ನು ನೋಡಿದ್ದಾಳೆ, ಗಾಜಿನ ಆಚೆ, ಹೊಟ್ಟೆ ತುಂಬ ಗೊಬ್ಬರ ತಿಂದು ಮುಖ ಊದಿಸಿಕೊಂಡವು, ಒಂದು ದಿನ ನೀರು ತಪ್ಪಿದರೆ ತಲೆ ಚೆಲ್ಲುವಂಥವು. ಇವಕ್ಕೆ ಯಾರು ಏನು ಕೊಟ್ಟರು? ಕೊಟ್ಟದ್ದೆಲ್ಲ ವಿಷ. ನಲವತ್ತೆರಡು ಹೆಜ್ಜೆ ಮರೆತದ್ದೊಂದು ಬಿಟ್ಟರೆ.

ಇಪ್ಪತ್ತು. ಇಪ್ಪತ್ತೊಂದು. ಅಕ್ಕ ಇಲ್ಲಿಯೂ ಅಳುತ್ತಿದ್ದಳು, ಹೇಳು ಅಂದರೆ ಹೇಳಲಾರಳು, ಅವಳು ಚಿಕ್ಕಂದಿನಿಂದ ಹಾಗೇ, ನಗುವುದಕ್ಕೂ ಅಳುವುದಕ್ಕೂ ಒಂದೇ ನಲ್ಲಿ, ಹೋಯ್ತು ಅಂದುಕೊಂಡಿದ್ದಳು ಇವಳು, ಇಪ್ಪತ್ತೊಂದನೆಯ ಹೆಜ್ಜೆಯಲ್ಲಿ ನಿಜವಾಗಿ ಅಂದುಕೊಂಡಿದ್ದಳು, ಮುಗೀತು, ಇನ್ನು ಮನೆಯಲ್ಲಿ ಆ ಚಿಕ್ಕ ಬೂಟು, ಆ ಚೀಲ, ಆ ಮೂರು ಕಾಲಿನ ನಾಯಿಬೊಂಬೆ ಇವನ್ನೆಲ್ಲ ಎಲ್ಲಿಡುವುದು — ಇಷ್ಟು ದೂರ ಹೋಗಿತ್ತು ತಲೆ, ಎರಡು ಹೆಜ್ಜೆಯಲ್ಲಿ — ಆಮೇಲೆ ಫೋನಿನಲ್ಲಿ ಗರಗರ, ಯಾರೋ ಕಿತ್ತುಕೊಂಡ ಹಾಗೆ, ಆಮೇಲೆ ಒಂದು ಒಡಕು ದನಿ, ಕಪ್ಪೆಯ ಮರಿಯ ದನಿ, ಅಮ್ಮಾ, ನನ್ನ ಚಪ್ಪಲಿ ಯಾರು ಹಾಕ್ಕೊಂಡು ಹೋದ್ರು? ಇಲ್ಲಿ. ಇಪ್ಪತ್ತಮೂರು. ಕುರ್ಚಿಗೆ ಮಣ್ಣಿಗಿಳಿಸಲು ಬಾಗಿದವಳು ಬಾಗಿದಂತೆಯೇ ನಿಂತಳು, ಏಕೆಂದರೆ ಮುಚ್ಚಳ ಅಲ್ಲ ಅದು. ದೂರದಿಂದ ಕಂಡ ಆ ನೀಲಿ, ಮುಚ್ಚಳ ಅಲ್ಲ, ಹೂವು. ಎರಡು ಎಸಳು. ಎಳೆಯ ಇಲಿಮರಿಯ ಕಿವಿಯ ಹಾಗೆ ಮೇಲಕ್ಕೆದ್ದ ಎರಡು ನೀಲಿ ಎಸಳು, ಕೆಳಗೆ ಕಂಡೂ ಕಾಣದಂಥ ಇನ್ನೊಂದು, ನಡುವೆ ಹಳದಿ ದಾರದ ತುದಿಗಳು, ಹಸಿರು ಜೋಳಿಗೆಯಂಥ ಎಲೆಯ ಒಳಗಿಂದ ಇಣುಕಿ ನೋಡುತ್ತಿದೆ. ಕನ್ನೆಸೊಪ್ಪು. ಚಾರ್ಟಿನಲ್ಲಿ ಹದಿನಾಲ್ಕನೆಯದು, ಕೆಂಪು ಗೆರೆ ಎಳೆದದ್ದು, ಔಷಧಿಗೂ ಜಗ್ಗದ್ದು, ಮೇಸ್ತ್ರಿ ಹಲ್ಲು ಕಡಿಯುವುದೇ ಇದರ ಮೇಲೆ, ಮೊಂಡು ಮುಂಡೇದು, ಕಿತ್ತು ಬಿಸಾಕಿದರೆ ಬಿದ್ದಲ್ಲೇ ಬೇರು ಬಿಡುತ್ತೆ, ತುಂಡು ಮಾಡಿದರೆ ತುಂಡಿಗೊಂದು ಗಿಡ. ಈ ಮೊಂಡಿಗೆ ಈ ನೀಲಿ ಎಲ್ಲಿಂದ ಬಂತು? ಆಕಾಶ ಅಷ್ಟು ನೀಲಿ ಇಲ್ಲ ಇವತ್ತು. ಆರು ದಿನ ಮುಚ್ಚಿದ್ದ ಕಣ್ಣು ತೆರೆದದ್ದೇ, ಅಮ್ಮ ಎಲ್ಲಿ ಅನ್ನಲಿಲ್ಲ, ನೀರು ಅನ್ನಲಿಲ್ಲ, ಚಪ್ಪಲಿ ಕಳ್ಳರ ವಿಚಾರಣೆ, ಅದೂ ದೊಡ್ಡಮ್ಮನ ಮಗನ ಮೇಲೇ ಗುಮಾನಿ, ಅವನೇ ಅಮ್ಮಾ, ಅವನ ಕಾಲು ಉದ್ದ, ನನ್ನ ಚಪ್ಪಲಿ ಹಿಗ್ಗಿಸ್ತಾನೆ ಅವನು. ಇಲ್ಲ ಕಂದಾ, ಇಲ್ಲ ನನ್ನ ಬಂಗಾರ, ಮಂಚದ ಕೆಳಗೇ ಇದೆ, ನಾನೇ ಇಟ್ಟಿದ್ದೀನಿ, ಕೆಂಪು ಚಪ್ಪಲಿ ಎರಡೂ ಇದೆ. ನಕ್ಕಿದ್ದಳು, ಇಪ್ಪತ್ತನಾಲ್ಕು, ಇಪ್ಪತ್ತೈದು, ಬಾಯಿಯ ಬಟ್ಟೆಯೊಳಗೆ ನಕ್ಕು ನಕ್ಕು ಉಸಿರು ಕಟ್ಟಿ, ಬೆನ್ನ ಮೇಲೆ ಹದಿನಾರು ಲೀಟರು ವಿಷ ಕುಲುಕುತ್ತ, ಕೊಳವೆ ನೆಲ ಗೀರುತ್ತ — ಮೂವತ್ತು, ಮೂವತ್ತೈದು, ಅಕ್ಕ ಫೋನು ವಾಪಸು ಕಿತ್ತುಕೊಂಡು ಈಗ ಸರಿಯಾಗಿ ಮಾತಾಡುತ್ತ, ಕೇಳಿಸ್ತೇನೇ, ಕೇಳಿಸ್ತಾ ನಿನಗೆ — ನಲವತ್ತೆರಡನೆಯ ಹೆಜ್ಜೆಯಲ್ಲಿ ಬೆರಳು ಮತ್ತೆ ಗುಂಡಿ ಒತ್ತಿತು. ಅಲ್ಲಿಂದಾಚೆ ನೆಲ ಬೋಳು.

ಈ ನೀಲಿಯನ್ನು ಕೀಳದೆ ದಾಟಿ ಹೋದಳು. ಕೈ ತಾನಾಗಿ ಆಚೆಯದಕ್ಕೆ ಹೋಯಿತು, ಜೇಕು, ಹುಲ್ಲು, ಬಳ್ಳಿ, ಕಿತ್ತಳು, ನೋಡುತ್ತ ಕಿತ್ತಳು, ಒಂದೊಂದನ್ನೂ ಒಂದು ಉಸಿರಿನಷ್ಟು ಹೊತ್ತು ನೋಡಿ ಕಿತ್ತಳು, ಅಷ್ಟಾದರೂ ಮಾಡಬೇಡವೇ, ಒಂಬತ್ತು ವರ್ಷದ ಪರಿಚಯ. ನಲವತ್ತೆರಡಕ್ಕೆ ಬಂದು, ಕಿತ್ತ ಗುಡ್ಡೆಯನ್ನೆಲ್ಲ ಬದುವಿನಾಚೆ ಬಾಚಿ ಹಾಕಿ, ಸೊಂಟ ನೆಟ್ಟಗೆ ಮಾಡಿ ತಿರುಗಿದರೆ ಸಾಲು ಬೋಳು, ಮೂವತ್ತರ ಹಾಗೆ, ಮೂವತ್ತೆರಡರ ಹಾಗೆ, ನಡುವೆ ಒಂದೇ ಒಂದು ಗಿಡ, ಒಂದೇ ನೀಲಿ ಚುಕ್ಕೆ, ಈಗ ಮೊದಲಿಗಿಂತ ಹೆಚ್ಚು ಎದ್ದು ಕಾಣುತ್ತ, ಹೋಗಿ ಕೀಳು, ಏನು ನೋಡ್ತಾ ನಿಂತೆ, ಒಂದು ಗಿಡಕ್ಕೋಸ್ಕರ ಮಗಳ ಕಾಲು ಕಳೀತೀಯಾ? ಹೋದಳು. ಬುಡಕ್ಕೆ ಕೈ ಹಾಕಿದಳು. ನೀಲಿ ಅವಳನ್ನು ನೋಡಿತು. ಬೆರಳು ಬಿಗಿಯಲಿಲ್ಲ, ಅವತ್ತು ಬಿಟ್ಟ ಬೆರಳೇ, ಅದೇ ನಾಲ್ಕು, ಇವತ್ತೂ ಬಿಗಿಯಲೊಲ್ಲವು. ಅಷ್ಟರಲ್ಲಿ ಮೇಸ್ತ್ರಿ ಮಂಡಿ ಹಿಡಿದುಕೊಂಡು ಸಾಲು ಗುಂಟ ಬರುತ್ತಿದ್ದಾನೆ, ಅವನ ಹಿಂದೆ ತುಸು ದೂರದಲ್ಲಿ ಜೀಪಿನ ಧೂಳು, ಭೇಷ್ ಕಣಮ್ಮ, ಭೇಷ್, ಕನ್ನಡಿ ಇದ್ದಂಗೆ ಆಗಿದೆ — ಅಂದವನು ಅವಳ ಕಾಲಬುಡ ನೋಡಿದ. ಇದು? ಇರಲಿ ಮೇಸ್ತ್ರಿ. ಇರಲಿ ಅಂದ್ರೆ? ಇಲ್ಲೇ ಅವಳು ಮೊದಲು ಮಾತಾಡಿದ್ದು, ಅಂದಳು ಅವಳು, ಚೋಟು, ಫೋನಿನಲ್ಲಿ, ನನ್ನ ಚಪ್ಪಲಿ ಎಲ್ಲಿ ಅಂತ, ಸರಿಯಾಗಿ ಇಲ್ಲೇ. ಮುದುಕ ನಲವತ್ತೆರಡು ಹೆಜ್ಜೆಯನ್ನು ಹಿಂದಕ್ಕೆ ಒಮ್ಮೆ ನೋಡಿದ, ಮುಂದಕ್ಕೆ ಒಮ್ಮೆ ನೋಡಿದ, ತುಟಿ ಅಲ್ಲಾಡಿತು, ಮತ್ತೊಮ್ಮೆ ಅಳೆಯುತ್ತಿದ್ದನೋ ಏನೋ. ಜೀಪು ಸಾಲಿನ ತಲೆಗೆ ಬಂದು ನಿಂತಿತು. ಟೋಪಿ ತೆಗಿ, ಅಂದ ಮೇಸ್ತ್ರಿ, ಹಲ್ಲುಗಳ ನಡುವಿಂದ, ಏ, ಟೋಪಿ ತೆಗೆದು ಹಾಕು ಅದರ ಮೇಲೆ, ಬೇಗ.

ಅಗಲ ಟೋಪಿ, ಹುಲ್ಲಿನದು, ಅಂಚು ಸವೆದದ್ದು, ನೆಲದ ಮೇಲೆ ಕೂತಿತು. ಮ್ಯಾನೇಜರ್ ನಡೆದು ಬಂದರು, ಹೊಳೆಯುವ ಬೂಟು, ಟೋಪಿಯಿಂದ ಎರಡು ಗೇಣು ದೂರಕ್ಕೆ ಬಂದು ನಿಂತ ಬೂಟು, ಅವಳ ಕಣ್ಣಿಗೆ ಬೇರೇನೂ ಕಾಣುತ್ತಿಲ್ಲ, ಮುಂದೆ ಒಂದು ಹೆಜ್ಜೆ ಇಟ್ಟರೆ, ಕಾಲಿನಿಂದ ಟೋಪಿ ಸರಿಸಿದರೆ — ಇವರೇನಾ? ಎಷ್ಟು ವರ್ಷ ಆಯ್ತಮ್ಮ? ಒಂಬತ್ತು ಸಾರ್. ಟೋಪಿ ಯಾಕೆ ಕೆಳಗೆ, ಬಿಸಿಲು ಹೊಡೆಯಲ್ವಾ? ಬೆವರಿತ್ತು ಸಾರ್, ಒಣಗಲಿ ಅಂತ. ಮೇಸ್ತ್ರಿ ಕೆಮ್ಮಿದ, ಅಗತ್ಯಕ್ಕಿಂತ ಹೆಚ್ಚೇ ಕೆಮ್ಮಿದ, ಸಾರ್, ಈ ಸಾಲು ನೋಡಿ ಸಾರ್, ಆ ಸಾಲೂ ನೋಡಿ, ನಾನು ಇನ್ನು ಹೇಳೋದೇನಿದೆ. ಮ್ಯಾನೇಜರ್ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದರು, ಹೂಂ ಅಂದರು, ಸೋಮವಾರದಿಂದ ಸೀಟಿ ಇವರಿಗೇ ಕೊಡಿ, ಅಂದರು, ಅಷ್ಟೇ, ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಕಲ್ಲು ಇಷ್ಟು ಸಣ್ಣ ಮಾತಿಗೆ ಉರುಳಿತು, ಬೂಟು ತಿರುಗಿತು, ಹೋಯಿತು, ಧೂಳು ಎದ್ದಿತು, ಇಳಿಯಿತು. ನಾಲ್ಕು ಗಂಟೆ. ನಾಲ್ಕೂವರೆಗೆ ಅಂಗೈಯಲ್ಲಿ ಪಾದ. ಎತ್ತು, ಇಳಿಸು. ಮೇಸ್ತ್ರಿ ಇನ್ನೂ ನಿಂತಿದ್ದ, ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ, ಕೇಳಿಲ್ಲಿ, ಅದನ್ನ ಬಿಟ್ಟೆ ಅಂದ್ರೆ ಬೀಜ ಬೀಳುತ್ತೆ, ಬೀಜ ಬಿದ್ದರೆ ಮುಂದಿನ ಸಲ ಈ ಸಾಲಿಗೆ ನೀನೇ ಸೀಟಿ ಊದಿ ಔಷಧಿ ಹೊಡೆಸಬೇಕು, ಗೊತ್ತಲ್ಲ? ಗೊತ್ತು ಮೇಸ್ತ್ರಿ. ಗೊತ್ತಿದ್ದೂ? ನಿನ್ನಿಷ್ಟ ತಾಯಿ, ಅಂದ, ಮಂಡಿ ಹಿಡಿದುಕೊಂಡು ಹೊರಟ, ಹತ್ತು ಹೆಜ್ಜೆ ಹೋಗಿ ತಿರುಗಿ, ಚಪ್ಪಲಿ ಕೊನೆಗೆ ಸಿಕ್ತಾ ಅವಳಿಗೆ? ಸಿಕ್ತು, ಕೂಗಿದಳು, ಮಂಚದ ಕೆಳಗೇ ಇತ್ತು. ಬದುವಿನಾಚೆಯ ಗುಡ್ಡೆಯಲ್ಲಿ ಕಿತ್ತದ್ದೆಲ್ಲ ಆಗಲೇ ಬಾಡುತ್ತಿತ್ತು, ಗುಲಾಬಿ ಕೊಡೆಗಳು ಮಡಚಿಕೊಳ್ಳುತ್ತಿದ್ದವು, ಗೋಣಿಸೊಪ್ಪಿನದೊಂದೇ ಕಿತ್ತ ಮೇಲೂ ಅರಳಿಕೊಂಡೇ ಇತ್ತು, ಅದಕ್ಕಿನ್ನೂ ಸುದ್ದಿ ಮುಟ್ಟಿಲ್ಲ. ಸೋಮವಾರ ಸೀಟಿ. ಮುಂದಿನ ಸಲ ಈ ಸಾಲು. ಮುಂದಿನ ಸಲ ಯಾರ ಫೋನು ಗುರ್ ಅನ್ನುತ್ತದೋ, ಯಾರ ಬೆರಳು ಬಿಡುತ್ತದೋ, ತಾನು ಹೆಜ್ಜೆ ಅಳೆದುಕೊಂಡು ಹೋಗಿ ನಿದ್ದೆ ಹೋದ್ಯಾ ಅಂತ ಕೇಳಬೇಕಲ್ಲ ಅವರನ್ನು, ಕೇಳುತ್ತೀಯಾ ನೀನು, ಕೇಳುವ ಮೊದಲು ಯಾವ ಹೆಜ್ಜೆಯಲ್ಲಿ ಏನಿತ್ತು ಅಂತ — ಮಂಡಿಯೂರಿದಳು, ಟೋಪಿಯ ಅಂಚಿಗೆ ಬೆರಳು ಕೊಟ್ಟಳು, ಒಳಗೆ ಕತ್ತಲಲ್ಲಿ ಮುಚ್ಚಿಕೊಂಡಿರಬಹುದು, ಬಿಸಿಲು ಏರಿದ ಮೇಲೆ ಎಷ್ಟೋ ಹೂವು ಕರಗಿಹೋಗುತ್ತವಂತೆ, ಕರಗಿದ್ದರೆ ಕರಗಿರಲಿ, ಎತ್ತು, ಮೆಲ್ಲಗೆ ಎತ್ತು — ನೀಲಿ. ಎರಡು ಎಸಳು. ತೆರೆದುಕೊಂಡೇ ಇದೆ. ನೀಲಿ.